ಅಂಗಾಲಿನ ಇಸವಿ

ಚಿಕ್ಕಪ್ಪ ಬೆಳಿಗ್ಗೆಯೇ ಫೋನ್ ಮಾಡಿದ್ದರು. "ಅಟ್ಟ ಖಾಲಿ ಮಾಡ್ತಿದ್ದೀನಿ ಕಣೋ. ಹುಡುಗರು ಆಡಿದ್ದ ಪ್ಲಾಸ್ಟಿಕ್ ಗೊಂಬೆಗಳೆಲ್ಲ ಒಂದು ಡಬ್ಬದಲ್ಲಿವೆ. ನಿಂಗೆ ಬೇಕಾ, ಬಿಸಾಕ್ಲಾ?" ನಾನು ಚಪ್ಪಲಿ ಮೆಟ್ಟಿಕೊಂಡೇ ಉತ್ತರ ಕೊಟ್ಟೆ.

ಚಿಕ್ಕಪ್ಪ ಹಡಗಿನಲ್ಲಿ ಕೆಲಸ ಮಾಡಿದವರು. ಪ್ರತಿ ಸಲ ಬರುವಾಗಲೂ ಮಕ್ಕಳಿಗೆ ಏನಾದರೂ ತರುತ್ತಿದ್ದರು. ಹಾಗಾಗಿ ಆ ಡಬ್ಬದಲ್ಲಿ ನಾಲ್ಕಾರು ದೇಶದವರು ಒಬ್ಬರ ಮೇಲೊಬ್ಬರು ಮಲಗಿದ್ದರು. ಸೈನಿಕರು, ಕೌಬಾಯ್‌ಗಳು, ಕುದುರೆಗಳು, ಒಂದು ಅಂಟಂಟು ಮೊಸಳೆ. ನೆಲದ ಮೇಲೆ ಹಳೆ ಬೆಡ್‌ಶೀಟ್ ಹಾಸಿ ಎಲ್ಲವನ್ನೂ ಸುರಿದೆ. ಭೂತಗನ್ನಡಿ, ಟಾರ್ಚು ಹಿಡಿದು ಕೂತೆ.

ಗೊಂಬೆ ಕೈಗೆ ಬಂದಾಗ ಎಲ್ಲರೂ ಮುಖ ನೋಡುತ್ತಾರೆ. ಸಂಗ್ರಹದ ಹುಚ್ಚು ಹಿಡಿದವರು ಮೊದಲು ತಿರುಗಿಸಿ ತಳ ನೋಡುತ್ತಾರೆ. ಕಂಪನಿಯ ಗುರುತು, ದೇಶದ ಹೆಸರು, ನಂಬರು, ಎಲ್ಲ ಇರುವುದು ಅಲ್ಲೇ. ವೃತ್ತದೊಳಗೆ 'ಮಾರ್' ಅಂತ ಬರೆದು ಅದರ ಮೇಲೆ ದೊಡ್ಡ ಎಕ್ಸ್ ಹಾಕಿದ್ದರೆ ಅದು ಅಮೆರಿಕದ ಮಾರ್ಕ್ಸ್ ಕಂಪನಿ. 1919ರಲ್ಲಿ ಲೂಯಿಸ್ ಮಾರ್ಕ್ಸ್ ಶುರು ಮಾಡಿದ್ದು. ಆ ಇನ್ನೊಬ್ಬ ಮಾರ್ಕ್ಸ್‌ಗೂ ಇದಕ್ಕೂ ಸಂಬಂಧ ಇಲ್ಲ! ಕಾಲ ಕೆಳಗೆ ಲೋಹದ ತಟ್ಟೆ ಇದ್ದರೆ ಇಂಗ್ಲೆಂಡಿನ ಬ್ರಿಟನ್ಸ್ ಕಂಪನಿಯ ಡೀಟೇಲ್ ಅನ್ನುವ ಸಾಲಿನದು ಇರಬಹುದು. ಅದು ಶುರುವಾಗಿದ್ದು 1971ರಲ್ಲಿ. ಟಿಂಪೋ ಕಂಪನಿಯ ಗೊಂಬೆಗಳ ಕಥೆ ಬೇರೆ. ಅವುಗಳಲ್ಲಿ ಬಣ್ಣ ಬಳಿದದ್ದು ಕಡಿಮೆ. ಒಂದು ಬಣ್ಣದ ಪ್ಲಾಸ್ಟಿಕ್ ಮೇಲೆ ಇನ್ನೊಂದು ಬಣ್ಣದ್ದನ್ನು ಅಚ್ಚಿನಲ್ಲೇ ಕೂರಿಸುತ್ತಿದ್ದರು. ಅದಕ್ಕೇ ಎಷ್ಟು ಆಡಿದರೂ ಬಣ್ಣ ಹಾಗೇ ಉಳಿದಿರುತ್ತದೆ.

ಕಷ್ಟ ಇರುವುದು ತಳದಲ್ಲಿ ಏನೂ ಇಲ್ಲದವರದು. ಯಾವ ಬಗೆಯ ಪ್ಲಾಸ್ಟಿಕ್ ಅಂತಲಾದರೂ ತಿಳಿಯಲಿ ಅಂತ ಅವರಿಗಾಗಿ ಒಂದು ಬಕೆಟ್ ನೀರು ತಂದೆ. ಪಾಲಿಥೀನ್ ನೀರಿಗಿಂತ ಹಗುರ, ತೇಲುತ್ತದೆ. ಪಾಲಿಸ್ಟೈರೀನ್, ಪಿವಿಸಿ ಮುಳುಗುತ್ತವೆ. ಹೊಟ್ಟೆ ಟೊಳ್ಳಾಗಿದ್ದು ಒಳಗೆ ಗಾಳಿ ಸೇರಿಕೊಂಡರೆ ಮಾತ್ರ ಈ ಪರೀಕ್ಷೆ ಮೋಸ ಮಾಡುತ್ತದೆ. ಬಕೆಟ್ ಮುಂದೆ ಕುಕ್ಕರಗಾಲಲ್ಲಿ ಕೂತು ಸೈನಿಕರನ್ನು ಒಬ್ಬೊಬ್ಬರಾಗಿ ಮುಳುಗಿಸುತ್ತಿದ್ದ ನನ್ನನ್ನು ಚಿಕ್ಕಮ್ಮ ಬಾಗಿಲಲ್ಲಿ ನಿಂತು ನೋಡಿದರು. ಏನೂ ಹೇಳಲಿಲ್ಲ. ಒಳಗೆ ಹೋದರು.

ಮೊದಲ ಅನಾಹುತ ಆಗಿದ್ದು ಅಲ್ಲೇ. ತೇಲಿದ ಒಂದು ಕುದುರೆಯನ್ನು ಎತ್ತಿ ಒರೆಸುತ್ತಿದ್ದೆ. ಕಾಲು ಸ್ವಲ್ಪ ಸೊಟ್ಟಗಿತ್ತು, ಸುಮ್ನೆ ನೆಟ್ಟಗೆ ಮಾಡೋಣ ಅಂತ ಬೆರಳು ಹಾಕಿದೆ. ಟಕ್! ಕಾಲು ಕೈಯಲ್ಲಿ. ಹೊಸದರಲ್ಲಿ ರಬ್ಬರಿನ ಹಾಗೆ ಬಾಗುವ ಪಾಲಿಥೀನ್, ವಯಸ್ಸಾದ ಮೇಲೆ ಒಣ ಕಡ್ಡಿಯ ಹಾಗೆ ಮುರಿಯುತ್ತದೆ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಮಾಡಿದೆ, ಅದೇ ಜಾಸ್ತಿ ಹೊಟ್ಟೆ ಉರಿ. ಈ ಪ್ಲಾಸ್ಟಿಕ್‌ಗೆ ಸಾಮಾನ್ಯ ಅಂಟೂ ಹಿಡಿಯುವುದಿಲ್ಲ.

ಮೊಸಳೆಯ ವಿಷಯಕ್ಕೆ ಬರುತ್ತೇನೆ. ಅದು ಮೆತ್ತನೆಯ ಪಿವಿಸಿ. ಮೆತ್ತಗಾಗಲಿ ಅಂತ ಪಿವಿಸಿಗೆ ಸೇರಿಸಿದ ಎಣ್ಣೆಯಂಥ ಪದಾರ್ಥ ವರ್ಷಗಳು ಕಳೆದಂತೆ ಹೊರಗೆ ಜಿನುಗುತ್ತದೆ. ಪಕ್ಕದಲ್ಲಿ ಪಾಲಿಸ್ಟೈರೀನ್ ಇದ್ದರೆ ಅದನ್ನೂ ಕರಗಿಸುತ್ತದೆ. ಈ ಮೊಸಳೆ ಎಷ್ಟೋ ವರ್ಷ ಒಬ್ಬ ಯೋಧನ ಮೇಲೆ ಮಲಗಿತ್ತು ಅಂತ ಕಾಣುತ್ತೆ. ಅವನ ಬೆನ್ನಿನಲ್ಲಿ ಮೊಸಳೆಯ ಹೊಟ್ಟೆಯ ಗೀರುಗಳು ಸ್ಪಷ್ಟವಾಗಿ ಮೂಡಿದ್ದವು. ಪ್ಲಾಸ್ಟಿಕ್ ಮೊಸಳೆ ನಿಜವಾಗಿಯೂ ಮನುಷ್ಯನನ್ನು ತಿಂದಿತ್ತು.

ಆಮೇಲೆ ಒಂದೇ ಭಂಗಿಯ ಇಬ್ಬರು ಸೈನಿಕರು ಸಿಕ್ಕರು. ಒಬ್ಬನ ತಳದಲ್ಲಿ ಇಂಗ್ಲೆಂಡ್, ಇನ್ನೊಬ್ಬನಲ್ಲಿ ಹಾಂಗ್‌ಕಾಂಗ್. ಹಾಂಗ್‌ಕಾಂಗ್ ಅಂದ ಕೂಡಲೇ ಡೂಪ್ಲಿಕೇಟ್ ಅನ್ನುವ ಹಾಗಿಲ್ಲ. ಬ್ರಿಟನ್ಸ್ ತನ್ನ ಹೆರಾಲ್ಡ್ ಅನ್ನುವ ಸಾಲಿನ ಗೊಂಬೆಗಳನ್ನು ಅಲ್ಲೇ ಮಾಡಿಸಿದ ಕಾಲವೂ ಇತ್ತು. ಇಬ್ಬರನ್ನೂ ಬೆನ್ನಿಗೆ ಬೆನ್ನು ಹಚ್ಚಿ ನಿಲ್ಲಿಸಿದೆ. ಹಾಂಗ್‌ಕಾಂಗಿನವನು ಕೂದಲೆಳೆಯಷ್ಟು ಕುಳ್ಳ. ಅಸಲಿ ಗೊಂಬೆಯಿಂದಲೇ ಹೊಸ ಅಚ್ಚು ತೆಗೆದಾಗ ಹೀಗಾಗುತ್ತದೆ. ಬಿಸಿ ಪ್ಲಾಸ್ಟಿಕ್ ಆರುವಾಗ ಕುಗ್ಗುತ್ತದಲ್ವಾ, ಅಸಲಿಯಲ್ಲಿ ಒಂದು ಸಲ, ನಕಲಿಯಲ್ಲಿ ಇನ್ನೊಂದು ಸಲ. ಮುಖವೂ ಸವೆದ ಸೋಪಿನ ಹಾಗಿತ್ತು, ಗುಂಡಿ ಯಾವುದು, ಬೆಲ್ಟ್ ಯಾವುದು ತಿಳಿಯದು. ಆದರೂ ನನಗೆ ಇಷ್ಟವಾದವನು ಅವನೇ. ಅಸಲಿಯವನು ಯುದ್ಧಕ್ಕೆ ಹೊರಟಿದ್ದ, ಇವನು ನಿದ್ದೆಯಿಂದ ಈಗಷ್ಟೇ ಎದ್ದಿದ್ದ.

ಅಷ್ಟರಲ್ಲಿ ಚಿಕ್ಕಪ್ಪ ಬಂದು ಪಕ್ಕದಲ್ಲಿ ಕೂತರು. ರಾಶಿಯಿಂದ ಜರ್ಮನಿಯ ಪ್ಲೇಮೊಬಿಲ್ ಗೊಂಬೆಯೊಂದನ್ನು, ಒಬ್ಬ ಕೆಲಸಗಾರನನ್ನು, ಎತ್ತಿದರು. "ಇದು ದೊಡ್ಡೋನಿಗೆ ತಂದಿದ್ದು. ಅವನ ಮೊದಲನೇ ಹುಟ್ಟುಹಬ್ಬಕ್ಕೆ, 1975ರಲ್ಲಿ."

ತಿರುಗಿಸಿದೆ. ಅಂಗಾಲಿನಲ್ಲಿ 1974 ಅಂತಲೇ ಇತ್ತು. "ನೋಡು, ಹೇಳಿದ್ನಲ್ಲ" ಅಂದರು.

ಸುಮ್ಮನಿರಬಹುದಿತ್ತು. ನನ್ನ ಬಾಯಿ ಸುಮ್ಮನಿರಲಿಲ್ಲ. 1974 ಆ ವಿನ್ಯಾಸ ಹುಟ್ಟಿದ ವರ್ಷ. ಕಚ್ಚಾ ಎಣ್ಣೆಯ ಬಿಕ್ಕಟ್ಟಿನಿಂದ ಪ್ಲಾಸ್ಟಿಕ್ ದುಬಾರಿಯಾಗಿದ್ದಾಗ ಹಾನ್ಸ್ ಬೆಕ್ ರೂಪಿಸಿದ ಏಳೂವರೆ ಸೆಂಟಿಮೀಟರಿನ ಗೊಂಬೆಗಳು ಆ ವರ್ಷ ಹೊರಬಂದವು. ಎಷ್ಟೋ ವರ್ಷ ಆದ ಮೇಲೆ ಮಾಡಿದ ಗೊಂಬೆಯಲ್ಲೂ ಅದೇ ಇಸವಿ ಇರುತ್ತದೆ. ಹಾಗಾಗಿ ಅಂಗಾಲು ನೋಡಿ ಪ್ರಯೋಜನವಿಲ್ಲ, ಕೈ ನೋಡಬೇಕು. ಮೊದಲಿನವುಗಳ ಮಣಿಕಟ್ಟು ತಿರುಗುತ್ತಿರಲಿಲ್ಲ. ತಿರುಗುವ ಕೈ ಬಂದದ್ದು 1982ರಲ್ಲಿ.

ಕೆಲಸಗಾರನ ಕೈ ಹಿಡಿದೆ. ಸಲೀಸಾಗಿ ತಿರುಗಿತು.

ಚಿಕ್ಕಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಹಾಗಾದ್ರೆ ಇದು ಚಿಕ್ಕೋನದ್ದು" ಅಂದರು. "ದೊಡ್ಡೋನ್ದು ಎಲ್ಲಿ ಹೋಯ್ತು?"

ಕನ್ನಡಕ ಹಾಕಿಕೊಂಡು ಅವರೇ ರಾಶಿಗೆ ಕೈ ಹಾಕಿದರು. ನಾನು ದೇಶವಾರು ವಿಂಗಡಿಸಿ ಇಟ್ಟಿದ್ದೆಲ್ಲ ಮತ್ತೆ ಕಲಸಿಹೋಯಿತು. ಮುರುಕು ಬಂದೂಕು, ತಡಿಗಳ ಮಧ್ಯೆ ಕೊನೆಗೂ ಒಬ್ಬ ಸಿಕ್ಕಿದ. ಕೂದಲು ಕಳಚಿ ಎಲ್ಲೋ ಬಿದ್ದಿತ್ತು, ಬೋಳು ತಲೆ, ಎದೆಯ ಮೇಲೆ ಹಲ್ಲಿನ ಗುರುತು. ಚಿಕ್ಕಪ್ಪ ಅವನ ಕೈ ಹಿಡಿದು ತಿರುಚತೊಡಗಿದರು.

"ಚಿಕ್ಕಪ್ಪಾ, ಬೇಡ! ಮುರಿದುಹೋಗುತ್ತೆ!"

"ತಿರುಗ್ತಾ ಇಲ್ಲ ಕಣೋ" ಅಂತ ನಕ್ಕರು.

ಸಂಜೆ ಡಬ್ಬ ನನ್ನ ಜೊತೆ ಬಂತು. ಮೊಸಳೆಯನ್ನು ಬೇರೆ ಕವರಿನಲ್ಲಿ ಕಟ್ಟಿಕೊಂಡೆ. ಬೋಳು ತಲೆಯವನು ಚಿಕ್ಕಪ್ಪನ ಅಂಗಿ ಜೇಬಿನಿಂದ ಇಣುಕುತ್ತಿದ್ದ, ಅವನನ್ನು ನಾನೂ ಕೇಳಲಿಲ್ಲ.