ಡಿಕ್ಲರೇಷನ್ ಹಾಕಿದವರು, ಹಾಕದವರು

ಕಾರ್ಕಳ ಹತ್ತಿರದ ನಮ್ಮ ಹಳೆ ಮನೆಯಲ್ಲಿ ನಾಲ್ಕು ಜನ ಸೇರಿದರೆ ಮಾತು ಡಿಕ್ಲರೇಷನ್‌ಗೆ ಬರಲೇಬೇಕು. 1974ರ ಭೂಸುಧಾರಣೆಯಲ್ಲಿ ಅಜ್ಜ, ಗೇಣಿಗೆ ಮಾಡುತ್ತಿದ್ದ ಗದ್ದೆ ತನಗೇ ಸಿಗಬೇಕೆಂದು ಅರ್ಜಿ, ಅಂದರೆ ಡಿಕ್ಲರೇಷನ್, ಹಾಕಿದ್ದು, ಧನಿಗಳ ಕಡೆಯವರು ಹೆದರಿಸಿದ್ದು, ಭೂನ್ಯಾಯ ಮಂಡಳಿಯ ಮುಂದೆ ಗೇಣಿ ಚೀಟಿ ತೋರಿಸಿ ಗದ್ದೆ ಗೆದ್ದದ್ದು. ಇದನ್ನು ಹೇಳುವಾಗ ದೊಡ್ಡಪ್ಪ ತಾಳಮದ್ದಳೆಯ ಅರ್ಥಧಾರಿಯ ಹಾಗೆ ಗಂಟಲು ಏರಿಸುತ್ತಾರೆ.

ಹೋದ ವರ್ಷ ಆಸ್ತಿ ಪಾಲಿನ ಮಾತಿಗೆಂದು ಎಲ್ಲರೂ ಸೇರಿದ್ದೆವು. ಅಮೆರಿಕದಲ್ಲಿ ಓದುವ ತಂಗಿಯ ಮಗನೂ ರಜೆಗೆ ಬಂದಿದ್ದ. ಜಾರ್ಜಿಯಾದ ಸವಾನ್ನಾ ನೋಡಿ ಬಂದ ಕತೆ ಹೇಳುತ್ತಿದ್ದ. 1865ರ ಜನವರಿಯಲ್ಲಿ, ಅಮೆರಿಕದ ಅಂತರ್ಯುದ್ಧದ ಕೊನೆಯಲ್ಲಿ, ಉತ್ತರದ ಸೇನೆಯ ಜನರಲ್ ಶರ್ಮನ್ ಆ ಊರಿನಿಂದಲೇ ಒಂದು ಆಜ್ಞೆ ಹೊರಡಿಸಿದ್ದನಂತೆ. ಬಿಡುಗಡೆಯಾದ ಗುಲಾಮರ ಒಂದೊಂದು ಕುಟುಂಬಕ್ಕೆ ಕರಾವಳಿಯಲ್ಲಿ 40 ಎಕರೆವರೆಗೆ ಜಮೀನು. ಅದೇ ವರ್ಷ ಅಧ್ಯಕ್ಷ ಆಂಡ್ರೂ ಜಾನ್ಸನ್ ಆ ಜಮೀನನ್ನು ಹಳೆ ಮಾಲೀಕರಿಗೇ ವಾಪಸ್ ಕೊಡಿಸಿದ. ಜನ ಪುನಃ ಅದೇ ಹೊಲಕ್ಕೆ ಕೂಲಿಗೆ, ಬೆಳೆಯ ಪಾಲಿಗೆ ದುಡಿಯಲು ಹೋದರು.

"ಪಾಪ ಅಲ್ವಾ," ಅಂದರು ದೊಡ್ಡಪ್ಪ. "ಪುಣ್ಯಕ್ಕೆ ನಮ್ಮಲ್ಲಿ ಅದೆಲ್ಲ ಇರಲಿಲ್ಲ."

ಇತ್ತು. 1801ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಈ ಕಡೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ತುಳುನಾಡಿನ ಬೇಸಾಯದ ಗುಲಾಮರ ಬಗ್ಗೆ ಬರೆದಿಟ್ಟಿದ್ದಾನೆ. ಅವರಿಗೆ ಅಳೆದು ಕೊಡುತ್ತಿದ್ದ ಅಕ್ಕಿಯ ಲೆಕ್ಕವೂ ಅದರಲ್ಲಿದೆ. ಮೂಲದಾಳು ಅಂತ ಕರೆಸಿಕೊಂಡವರು ಅವರೇ. 1843ರ ಕಾಯ್ದೆ ಬಂತು. ಗುಲಾಮರ ಮೇಲಿನ ಹಕ್ಕನ್ನು ಕೋರ್ಟು ಇನ್ನು ಮಾನ್ಯ ಮಾಡುವುದಿಲ್ಲ ಅಂದಿತು, ಅಷ್ಟೆ. ಬಿಟ್ಟು ಹೋಗುವವನು ಎಲ್ಲಿ ನಿಲ್ಲಬೇಕು, ಏನು ಉಣ್ಣಬೇಕು ಅಂತ ಅದು ಹೇಳಲಿಲ್ಲ. ಈ ಕಡೆಯ ಕೊರಗ ಸಮುದಾಯದವರನ್ನು ಹೀನಾಯವಾಗಿ ನಡೆಸಿಕೊಳ್ಳುವ ಅಜಲು ಪದ್ಧತಿಯನ್ನಂತೂ ನಿಷೇಧಿಸಲು 2000ದಲ್ಲಿ ಬೇರೆ ಕಾಯ್ದೆಯನ್ನೇ ಮಾಡಬೇಕಾಯಿತು. ಅಂದರೆ ಅದು ಅಲ್ಲಿವರೆಗೂ ನಡೀತಾ ಇತ್ತು ಅಂತ ಅರ್ಥ.

ನಾವು ಚಾವಡಿಯಲ್ಲಿ ಕೂತು ಇಷ್ಟು ಮಾತಾಡುವಾಗ ಅಂಗಳದಲ್ಲಿ ಒಬ್ಬರು ಅಜ್ಜಿ ಅಡಿಕೆ ಸುಲಿಯುತ್ತಿದ್ದರು. ಅವರ ತಾಯಿ, ಅಜ್ಜಿ ಎಲ್ಲ ಇದೇ ಗದ್ದೆಯಲ್ಲಿ ನೇಜಿ ನೆಟ್ಟವರು. ಎಡಗಾಲಲ್ಲಿ ಮೆಟ್ಟುಗತ್ತಿ ಒತ್ತಿ ಹಿಡಿದು, ಅಡಿಕೆಯನ್ನು ಅಲಗಿಗೆ ಒತ್ತಿ ತಿರುಗಿಸಿದರೆ ಸಿಪ್ಪೆ ಒಂದು ಕಡೆ, ಒಳಗಿನ ಅಡಿಕೆ ಇನ್ನೊಂದು ಕಡೆ. ಹೆಬ್ಬೆರಳಿಗೆ ಹಳೆ ಸೀರೆಯ ಚಿಂದಿ ಸುತ್ತಿಕೊಂಡಿದ್ದರು. ಚಾ ಬಂತು. ನಮಗೆಲ್ಲ ಪಿಂಗಾಣಿ ಕಪ್. ಅವರಿಗೆ ಬಚ್ಚಲ ಕಿಟಕಿಯಲ್ಲಿ ಬೇರೆಯೇ ಇಟ್ಟ ಸ್ಟೀಲ್ ಲೋಟ. ಕುಡಿದು ಅವರೇ ತೊಳೆದು ಅಲ್ಲೇ ಇಟ್ಟರು. ಯಾರೂ ಹೇಳಲಿಲ್ಲ, ಯಾರೂ ಬೇಡ ಅನ್ನಲೂ ಇಲ್ಲ.

ಹುಡುಗನಿಗೆ ಸುಮ್ನೆ ಕೂರಲು ಆಗಲಿಲ್ಲ. ಅಂಗಳಕ್ಕಿಳಿದು, "ಅಜ್ಜಿ, ನೀವು ಡಿಕ್ಲರೇಷನ್ ಹಾಕಲಿಲ್ವಾ?" ಅಂತ ಕೇಳಿದ.

ಅವರು ನಕ್ಕುಬಿಟ್ಟರು. "ನಮಗೆಲ್ಲಿಯ ಗೇಣಿ ಚೀಟಿ ಮಗಾ? ಗೇಣಿ ನಿಮ್ಮ ಅಜ್ಜನವರದ್ದು. ನಾವು ಬರೀ ಕೆಲಸಕ್ಕೆ."

ವಿಷಯ ಇರುವುದೇ ಇಲ್ಲಿ. 1974ರ ಕಾನೂನು ದೊಡ್ಡದೇ, ನಮ್ಮಂಥ ಎಷ್ಟೋ ಮನೆ ಅದರಿಂದ ಬದುಕಿತು. ಆದರೆ ಅದು ಹುಡುಕಿದ್ದು ಗೇಣಿದಾರನನ್ನು. ಗೇಣಿದಾರನ ಗದ್ದೆಯಲ್ಲಿ ಬೆನ್ನು ಬಗ್ಗಿಸಿದವರಿಗೆ ಸಿಕ್ಕಿದ್ದು ಜಾಸ್ತಿ ಅಂದರೆ ಮನೆ ಅಡಿಯ ಜಾಗ. ಈ ಅಜ್ಜಿಯದ್ದು ಐದು ಸೆಂಟ್ಸ್ ಕಾಲನಿ. ಅದರಲ್ಲೇ ಗಂಡುಮಕ್ಕಳ ಸಂಸಾರ. ಒಬ್ಬನಿಗೆ ಮಂಗಳೂರಿನಲ್ಲಿ ಕೆಲಸ, ಕೈಯಲ್ಲಿ ದುಡ್ಡಿದೆ, ಕೋಣೆ ಕಟ್ಟಲು ಜಾಗ ಇಲ್ಲ. ನಿನ್ನೆಯವರೆಗೆ ಒಕ್ಕಲಾಗಿದ್ದ ನಮ್ಮ ದೊಡ್ಡಪ್ಪನನ್ನು ಅವರು ಈಗಲೂ "ಧನಿ" ಅಂತಲೇ ಕರೆಯುತ್ತಾರೆ. ದೊಡ್ಡಪ್ಪನಿಗೂ ಅದು ಕಿವಿಗೆ ಹಿತವೇ.

ಮಧ್ಯಾಹ್ನ ಪಾಲಿನ ಮಾತು ಶುರುವಾಯಿತು. ರಸ್ತೆ ಬದಿಯ ಗದ್ದೆ ಯಾರಿಗೆ ಅನ್ನುವಲ್ಲಿ ಸ್ವರ ಏರಿತು. ಅದರಲ್ಲಿ ಹತ್ತು ಸೆಂಟ್ಸ್ ಆ ಅಜ್ಜಿಯ ಹೆಸರಿಗೆ ಬರೆಯೋಣ ಅಂದೆ. ಚಿಕ್ಕಪ್ಪ, "ನಿನ್ನ ಪಾಲಿನಿಂದ ಕೊಡು" ಅಂದರು. ಆಗಲಿ, ನನ್ನದರಿಂದ ಐದು, ಉಳಿದದ್ದು ಎಲ್ಲರದ್ದು ಅಂದೆ. "ಅದೆಲ್ಲ ಆಮೇಲೆ ನೋಡುವ," ಅಂದು ದೊಡ್ಡಪ್ಪ ಎಲೆಯಡಿಕೆ ತಟ್ಟೆ ಎಳೆದುಕೊಂಡರು.

ಪಾಲುಪಟ್ಟಿಯ ಕರಡು ವಕೀಲರ ಹತ್ತಿರದಿಂದ ಬಂದಿದೆ. ಹತ್ತು ಸೆಂಟ್ಸ್ ಅದರಲ್ಲಿ ಇಲ್ಲ. ನನ್ನ ಸಹಿಯೂ ಇನ್ನೂ ಇಲ್ಲ.