ಸಹಿ ಬಿದ್ದ ಮಾತ್ರಕ್ಕೆ ದೇಶ ಒಪ್ಪಂದಕ್ಕೆ ಬದ್ಧವೇ?

‘ಇಷ್ಟು ದೇಶಗಳು ಸಹಿ ಹಾಕಿದವು’ ಎಂಬ ಸುದ್ದಿ ಬಂದರೆ, ಅಷ್ಟೂ ದೇಶಗಳು ಒಪ್ಪಂದಕ್ಕೆ ಬದ್ಧವಾದವು ಎಂದೇ ಹೆಚ್ಚಿನವರು ತಿಳಿಯುತ್ತಾರೆ. ಆದರೆ ಬಹುಪಾಲು ಜಾಗತಿಕ ಒಪ್ಪಂದಗಳಲ್ಲಿ ಸಹಿ ಮೊದಲ ಹೆಜ್ಜೆಯಷ್ಟೇ. ದೇಶದೊಳಗೆ ಅನುಮೋದನೆ ಸಿಕ್ಕು, ಅದನ್ನು ತಿಳಿಸುವ ಪತ್ರ ವಿಶ್ವಸಂಸ್ಥೆಯ ಮಹಾ ಕಾರ್ಯದರ್ಶಿಯಂಥ ಉಸ್ತುವಾರಿಯ ಕೈ ಸೇರಿದ ಮೇಲೇ ಬದ್ಧತೆಯ ಮಾತು.

ಅಪಾಯಕಾರಿ ತ್ಯಾಜ್ಯದ ಸಾಗಣೆ ಕುರಿತ ಬಾಸೆಲ್ ಒಪ್ಪಂದಕ್ಕೆ ಅಮೆರಿಕ 1990ರಲ್ಲೇ ಸಹಿ ಹಾಕಿತು, ಅನುಮೋದಿಸಲೇ ಇಲ್ಲ. ಇದರ ಬಿಸಿ ವ್ಯಾಪಾರಕ್ಕೆ ತಟ್ಟುತ್ತದೆ. ಒಪ್ಪಂದದೊಳಗಿರುವ ದೇಶವು ಹೊರಗಿರುವ ದೇಶಕ್ಕೆ ಇಂಥ ತ್ಯಾಜ್ಯ ಕಳಿಸುವಂತಿಲ್ಲ, ಅಲ್ಲಿಂದ ತರಿಸುವಂತೆಯೂ ಇಲ್ಲ. ಇಬ್ಬರ ನಡುವೆ ಪ್ರತ್ಯೇಕ ಒಡಂಬಡಿಕೆ ಇದ್ದರೆ ಮಾತ್ರ ಸಾಧ್ಯ.

ಯಾವ ದೇಶ ಎಲ್ಲಿದೆ ಎಂದು ತಿಳಿಯಲು ವಿಶ್ವಸಂಸ್ಥೆಯ ಒಪ್ಪಂದ ಸಂಗ್ರಹದ ಜಾಲತಾಣ ನೋಡಿ. ದೇಶದ ಹೆಸರಿನ ಮುಂದೆ ಎರಡು ದಿನಾಂಕಗಳ ಕಾಲಂ ಇರುತ್ತದೆ: ಒಂದು ಸಹಿಯದು, ಇನ್ನೊಂದು ಅನುಮೋದನೆಯದು. ಎರಡನೆಯದು ಖಾಲಿಯಿದ್ದರೆ ಬದ್ಧತೆಯಿಲ್ಲ. ಮೊದಲನೆಯದು ಖಾಲಿಯಿದ್ದು ಎರಡನೆಯದರಲ್ಲಿ ದಿನಾಂಕದ ಪಕ್ಕ ಇಂಗ್ಲಿಷಿನ ಸಣ್ಣ ‘ಎ’ ಇದ್ದರೆ, ಆ ದೇಶ ಸಹಿ ಹಾಕದೆಯೇ ನೇರವಾಗಿ ಸೇರಿದೆ ಎಂದರ್ಥ. ಅದರ ಬಾಧ್ಯತೆ ಉಳಿದವರಷ್ಟೇ.

ಪತ್ರ ಕೊಟ್ಟ ದಿನವೇ ಎಲ್ಲವೂ ಜಾರಿಯಾಗುವುದಿಲ್ಲ. ತಂಬಾಕು ನಿಯಂತ್ರಣ ಒಪ್ಪಂದ ಜಾರಿಗೆ ಬಂದದ್ದು 40ನೇ ದೇಶ ಪತ್ರ ಕೊಟ್ಟ 90ನೇ ದಿನಕ್ಕೆ, 2005ರ ಫೆಬ್ರುವರಿ 27ರಂದು. ಪ್ಯಾರಿಸ್ ಹವಾಮಾನ ಒಪ್ಪಂದದಲ್ಲಿ ಪತ್ರ ಕೊಟ್ಟ ಮೇಲೆ ಕಾಯಬೇಕಾದ ಅವಧಿ 30 ದಿನ. ಅಮೆರಿಕ 2021ರ ಜನವರಿ 20ರಂದು ಪತ್ರ ಕೊಟ್ಟು ಮರಳಿ ಸದಸ್ಯವಾದದ್ದು ಫೆಬ್ರುವರಿ 19ಕ್ಕೆ.

ಬಲ್ಲವರೂ ಎಡವುವುದು ತಿದ್ದುಪಡಿಗಳಲ್ಲಿ. ಓಜೋನ್ ಪದರ ಉಳಿಸುವ ಮಾಂಟ್ರಿಯಲ್ ಒಪ್ಪಂದದಲ್ಲಿ ವಿಶ್ವಸಂಸ್ಥೆಯ ಸದಸ್ಯ ದೇಶಗಳೆಲ್ಲ ಇವೆ. ಆದರೆ ಫ್ರಿಜ್, ಎ.ಸಿ.ಗಳಲ್ಲಿ ಬಳಸುವ ಎಚ್‌ಎಫ್‌ಸಿ ಅನಿಲಗಳನ್ನು ತಗ್ಗಿಸುವ 2016ರ ಕಿಗಾಲಿ ತಿದ್ದುಪಡಿಯನ್ನು ಪ್ರತಿ ದೇಶವೂ ಬೇರೆಯಾಗಿಯೇ ಅನುಮೋದಿಸಬೇಕು. ಬಡ ದೇಶಗಳಿಗೆ ಅಗ್ಗದ ಔಷಧ ಸಿಗಲೆಂದು, ಪೇಟೆಂಟ್‌ನಂಥ ಹಕ್ಕುಗಳ ಕುರಿತ ಟ್ರಿಪ್ಸ್ ಒಪ್ಪಂದಕ್ಕೆ ತಂದ 2005ರ ತಿದ್ದುಪಡಿಗೆ ವಿಶ್ವ ವ್ಯಾಪಾರ ಸಂಸ್ಥೆಯ ಮೂರನೇ ಎರಡರಷ್ಟು ಸದಸ್ಯರ ಸಮ್ಮತಿ ಕೂಡಿಬರಲು 2017ರ ಜನವರಿವರೆಗೆ ಕಾಯಬೇಕಾಯಿತು. ತಾತ್ಕಾಲಿಕ ವಿನಾಯಿತಿಯೊಂದು 2003ರಿಂದ ಇತ್ತು ನಿಜ, ಆದರೂ ಔಷಧದ ವಿಷಯದಲ್ಲಿ ಇಷ್ಟು ವಿಳಂಬ ಸಲ್ಲದು.

ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಆರೋಗ್ಯ ನಿಯಮಾವಳಿಯಲ್ಲಿ ಕ್ರಮ ತಿರುವುಮುರುವು. ಇಲ್ಲಿ ಸುಮ್ಮನಿದ್ದರೆ ಒಪ್ಪಿದಂತೆ; ಬೇಡವೆಂದರೆ ಗಡುವಿನೊಳಗೆ ಬರೆದು ತಿಳಿಸಬೇಕು. ಸಾಂಕ್ರಾಮಿಕ ರೋಗ ಯಾವ ಸಂಸತ್ತಿನ ಅಧಿವೇಶನಕ್ಕೂ ಕಾಯುವುದಿಲ್ಲ, ಹಾಗಾಗಿ ಈ ಏರ್ಪಾಡೇ ಸರಿ ಎಂಬುದು ನನ್ನ ನಿಲುವು. 2024ರ ಜೂನ್‌ನಲ್ಲಿ ಅಂಗೀಕಾರವಾದ ತಿದ್ದುಪಡಿಗಳನ್ನು ಅಮೆರಿಕ 2025ರ ಜುಲೈನಲ್ಲಿ ತಿರಸ್ಕರಿಸಿತು. ಸುಮ್ಮನಿದ್ದ ಬಹುತೇಕ ದೇಶಗಳಿಗೆ ಅವು ಸೆಪ್ಟೆಂಬರ್ 19ರಿಂದ ತಾವಾಗಿಯೇ ಅನ್ವಯವಾದವು.