ನೆಟ್‌ರನ್ನರ್‌ಗೆ ಬುದ್ಧಿ ಬೇಕಾಗಿಲ್ಲ

ದಾಳ ಹಾಕಿ ಪಾತ್ರವಾಗಿ ಆಡುವ ಸೈಬರ್‌ಪಂಕ್ ರೆಡ್ ಆಟಕ್ಕೆ ನೆಟ್‌ರನ್ನರ್, ಅಂದರೆ ಹ್ಯಾಕರ್ ಪಾತ್ರ ಕಟ್ಟಲು ಕೂತವರು ಸಾಮಾನ್ಯವಾಗಿ ಮೊದಲು ಮಾಡುವ ಕೆಲಸ ಇಂಟೆಲಿಜೆನ್ಸ್ ಮುಂದೆ 8 ಬರೆಯುವುದು. ದಪ್ಪ ಕನ್ನಡಕ, ಸಣಕಲು ಮೈ, ಕತ್ತಲೆ ಕೋಣೆ ಎಲ್ಲ ಅದರ ಹಿಂದೆಯೇ ಬರುತ್ತವೆ. ಆದರೆ ನಿಯಮ ಪುಸ್ತಕ ತೆಗೆದು ನೋಡಿ. ನೆಟ್ ಒಳಗಿನ ಪರೀಕ್ಷೆಗೆ ಲೆಕ್ಕಕ್ಕೆ ಬರುವುದು ಇಂಟರ್‌ಫೇಸ್ ರ‍್ಯಾಂಕ್ (ಹ್ಯಾಕಿಂಗ್‌ನಲ್ಲಿ ಪಾತ್ರದ ಮಟ್ಟ) ಮತ್ತು ಒಂದು ಹತ್ತುಮುಖದ ದಾಳ. ಸ್ಟ್ಯಾಟ್, ಅಂದರೆ ಬುದ್ಧಿ, ಬಲದಂಥ ಗುಣಗಳ ಅಂಕ, ಯಾವುದೂ ಸೇರುವುದಿಲ್ಲ. ಇಂಟೆಲಿಜೆನ್ಸ್ 2 ಇದ್ದವನೂ 8 ಇದ್ದವನೂ ಪಾಸ್‌ವರ್ಡ್ ಮುರಿಯುವುದರಲ್ಲಿ ಸರಿಸಮ.

ಹಾಗಾಗಿ ನೆಟ್‌ರನ್ನರ್‌ಗಳ ನಡುವಿನ ವ್ಯತ್ಯಾಸ ಹುಟ್ಟುವುದು ನೆಟ್ ಹೊರಗೆ, ಮೈ ಇರುವ ಕಡೆ. 1990ರಲ್ಲಿ ಬಂದ ಸೈಬರ್‌ಪಂಕ್ 2020ರಲ್ಲಿ (ಹೆಸರಿನಲ್ಲಿರುವುದು ಕಥೆಯ ವರ್ಷ) ಹ್ಯಾಕರ್ ಎಲ್ಲೋ ಕೂತು ಜಾಲ ಸುತ್ತುತ್ತಿದ್ದ, ಮಿಕ್ಕವರು ಪಿಜ್ಜಾ ತರಲು ಎದ್ದು ಹೋಗುತ್ತಿದ್ದರು. ರೆಡ್ ಇದಕ್ಕೆ ಕಥೆಯಲ್ಲೇ ಮದ್ದು ಹುಡುಕಿತು: ಹಳೆಯ ಜಾಲ ಕುಸಿದಿದೆ, ಪ್ರತಿ ಕಟ್ಟಡಕ್ಕೂ ಅದರದ್ದೇ ಸಣ್ಣ ಜಾಲ (ಆಟದ ಮಾತಿನಲ್ಲಿ ಆರ್ಕಿಟೆಕ್ಚರ್), ಒಳಹೋಗಲು ಅದರ ಆಕ್ಸೆಸ್ ಪಾಯಿಂಟಿನ 6 ಮೀಟರ್ ಒಳಗೆ ನಿಂತಿರಬೇಕು. ಅಂದರೆ ಗುಂಡು ಹಾರುವ ಕೋಣೆಯಲ್ಲೇ ನಿಲ್ಲಬೇಕು.

ಮೊದಲು ದುಡ್ಡಿನ ಲೆಕ್ಕ. ಪಾತ್ರವನ್ನು ಪೂರ್ತಿ ನೀವೇ ಕಟ್ಟುವ ಕಂಪ್ಲೀಟ್ ಪ್ಯಾಕೇಜ್‌ನಲ್ಲಿ 62 ಸ್ಟ್ಯಾಟ್ ಪಾಯಿಂಟ್, 2,550 ಯೂರೋಬಕ್ (ಆಟದ ದುಡ್ಡು) ಸಿಗುತ್ತದೆ. ಮೈಯೊಳಗೆ ಕೂರಿಸುವ ನ್ಯೂರಲ್ ಲಿಂಕ್ 500, ಇಂಟರ್‌ಫೇಸ್ ಪ್ಲಗ್ 500, ಏಳು ಸ್ಲಾಟಿನ ಸಾಧಾರಣ ಡೆಕ್ (ಹ್ಯಾಕಿಂಗ್ ಕಂಪ್ಯೂಟರ್) 500. ಪ್ರೋಗ್ರಾಂಗಳಲ್ಲಿ ಎರಡು ಸ್ವೋರ್ಡ್ 100, ಆರ್ಮರ್ 50, ವರ್ಮ್ 50, ಇರೇಸರ್ 20, ಸೀ ಯಾ 20, ಸ್ಪೀಡಿ ಗೊನ್ಸಾಲ್ವೆಸ್ 100. ಏಳೂ ಸ್ಲಾಟ್ ಭರ್ತಿ, ಒಟ್ಟು 1,840. ಉಳಿದ 710ರಲ್ಲಿ ತಲೆಗೂ ಮೈಗೂ ಲೈಟ್ ಆರ್ಮರ್‌ಜ್ಯಾಕ್ 200, ಹೆವಿ ಪಿಸ್ತೂಲು 100, ವರ್ಚುವಾಲಿಟಿ ಗಾಗಲ್ಸ್ 100. ಮಿಕ್ಕಿದ್ದು ಗುಂಡು, ಫೋನು ಇತ್ಯಾದಿಗೆ. ಒಂಬತ್ತು ಸ್ಲಾಟಿನ ಡೆಕ್ಕಿಗೆ ಆಸೆಪಟ್ಟರೆ ಇನ್ನೂ 500 ಹೋಗುತ್ತದೆ. ಕವಚ ಕೊಂಡ ಮೇಲೆ ಕೈಯಲ್ಲಿ ಉಳಿಯುವುದು 10. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು.

ಎರಡು ಸ್ವೋರ್ಡ್ ಯಾಕೆ? ಒಂದು ಪ್ರೋಗ್ರಾಂ ಅನ್ನು ಒಂದು ಸರದಿಯಲ್ಲಿ ಒಮ್ಮೆ ಮಾತ್ರ ಓಡಿಸಬಹುದು. ಜಾಲ ಕಾಯುವ ಮಾರಕ ಪ್ರೋಗ್ರಾಂಗಳಿಗೆ ಬ್ಲ್ಯಾಕ್ ಐಸ್ ಎಂದು ಹೆಸರು. ಅದರಲ್ಲೊಂದಾದ ಹೆಲ್‌ಹೌಂಡ್ ಎಂಬ ನಾಯಿಯ ರೆಝ್ (ಪ್ರೋಗ್ರಾಂನ ಜೀವ) 20, ಸ್ವೋರ್ಡ್ ಅದಕ್ಕೆ ಮಾಡುವ ಹಾನಿ 3ಡಿ6 (ಮೂರು ಆರುಮುಖದ ದಾಳದ ಮೊತ್ತ), ಸರಾಸರಿ ಹತ್ತೂವರೆ. ಒಂದೇ ಸರದಿಯಲ್ಲಿ ಆ ನಾಯಿಯನ್ನು ಮಲಗಿಸುವ ಆಸೆ ಇದ್ದರೆ ಎರಡೂ ತಗಲಬೇಕು.

ಬ್ಯಾಕ್‌ಡೋರ್‌ಗೆ, ಅಂದರೆ ಪಾಸ್‌ವರ್ಡ್ ಮುರಿಯುವ ಪರೀಕ್ಷೆಗೆ, +2 ಕೊಡುವ ವರ್ಮ್ ಬಗ್ಗೆ ನನಗೆ ಅನುಮಾನ ಇದೆ. ಇಂಟರ್‌ಫೇಸ್ 4ಕ್ಕೆ ಸರದಿಗೆ ಮೂರು ನೆಟ್ ಆಕ್ಷನ್ (ಜಾಲದೊಳಗಿನ ಕೆಲಸ). ಜ್ಯಾಕ್ ಇನ್ ಆಗುವುದಕ್ಕೇ, ಅಂದರೆ ಜಾಲದೊಳಗೆ ಹೋಗುವುದಕ್ಕೇ, ಒಂದು ಖರ್ಚು. ಉಳಿದದ್ದು ಎರಡು. ಎದುರಿಗೆ ಡಿವಿ (ಕಷ್ಟದ ಮಟ್ಟ) 8ರ ಪಾಸ್‌ವರ್ಡ್ ಇದೆ ಎಂದುಕೊಳ್ಳಿ. ಡಿವಿಯನ್ನು ಮುಟ್ಟಿದರೆ ಸಾಲದು, ದಾಟಬೇಕು. ಹಾಗಾಗಿ ದಾಳದಲ್ಲಿ 5 ಅಥವಾ ಹೆಚ್ಚು ಬೀಳಬೇಕು, ಅಂದರೆ 60 ಶೇಕಡಾ ಅವಕಾಶ. ಎರಡೂ ಆಕ್ಷನ್ ಬ್ಯಾಕ್‌ಡೋರ್‌ಗೇ ಸುರಿದರೆ 84 ಶೇಕಡಾ. ವರ್ಮ್ ಚಾಲೂ ಮಾಡಲು ಒಂದು ಆಕ್ಷನ್ ಕೊಟ್ಟು, +2 ಇಟ್ಟುಕೊಂಡು ಒಮ್ಮೆ ಹಾಕಿದರೆ 80. ಡಿವಿ 10 ಆದರೂ ಅದೇ ಕಥೆ, 64ಕ್ಕೆ 60. ಒಂದೇ ಪಾಸ್‌ವರ್ಡ್ ಇರುವ ಸಣ್ಣ ಆರ್ಕಿಟೆಕ್ಚರ್‌ನಲ್ಲಿ ವರ್ಮ್ ನಷ್ಟದ ವ್ಯಾಪಾರ. ಎರಡು ಮೂರು ಬೀಗ ಇರುವ ಉದ್ದದ ಆರ್ಕಿಟೆಕ್ಚರ್‌ನಲ್ಲಿ, ಅದೂ ಯಾರೂ ಗುಂಡು ಹಾರಿಸದಿರುವಾಗ, ಗಿಟ್ಟುತ್ತದೆ. ಆದ್ದರಿಂದ ವರ್ಮ್ ಬೇಕೋ ಬೇಡವೋ ಎಂಬುದನ್ನು ನಿಮ್ಮ ಪಾತ್ರ ಎಂಥದ್ದು ಎಂಬುದೇ ತೀರ್ಮಾನಿಸುತ್ತದೆ.

ಕಳ್ಳನ ಅಚ್ಚಿಗೆ ವರ್ಮ್ ಒಪ್ಪುತ್ತದೆ. ಇಂಟೆಲಿಜೆನ್ಸ್ 4, ರಿಫ್ಲೆಕ್ಸ್ 6, ಡೆಕ್ಸ್‌ಟೆರಿಟಿ 8, ಟೆಕ್ನಿಕ್ 7, ಕೂಲ್ 5, ವಿಲ್ 6, ಲಕ್ 6, ಮೂವ್ 7, ಬಾಡಿ 6, ಎಂಪತಿ 7. ನುಸುಳುವ ಕೌಶಲ ಸ್ಟೆಲ್ತ್‌ಗೆ 6 ಹಾಕಿದರೆ ಡೆಕ್ಸ್‌ಟೆರಿಟಿ ಸೇರಿ ದಾಳಕ್ಕೆ ಮೊದಲೇ 14. ಎಲೆಕ್ಟ್ರಾನಿಕ್ಸ್ ಸೆಕ್ಯುರಿಟಿ ಕೌಶಲಕ್ಕೆ ದುಪ್ಪಟ್ಟು ಪಾಯಿಂಟ್ ಬೇಕು. ಆದರೂ ಕೊಡಿ, ಬಾಗಿಲೇ ತೆರೆಯದಿದ್ದರೆ ಆಕ್ಸೆಸ್ ಪಾಯಿಂಟ್ ಹತ್ತಿರ ಹೋಗುವುದು ಹೇಗೆ?

ಬಂದೂಕಿನವನದ್ದು ಬೇರೆ ದಾರಿ. 3, 8, 8, 4, 5, 7, 6, 7, 8, 6, ಮೇಲಿನ ಸ್ಟ್ಯಾಟ್‌ಗಳ ಕ್ರಮದಲ್ಲೇ. ರಿಫ್ಲೆಕ್ಸ್ 8 ಸುಮ್ಮನೆ ಅಲ್ಲ, ಗುಂಡಿನಿಂದ ತಪ್ಪಿಸಿಕೊಳ್ಳುವ ಹಕ್ಕು ಸಿಗುವುದು ಅಲ್ಲಿಂದಲೇ. ಇದಕ್ಕಿಂತ ದೊಡ್ಡ ಕಾರಣ ಬಾಡಿ, ವಿಲ್‌ಗಳದ್ದು. ಬ್ಲ್ಯಾಕ್ ಐಸ್ ಮಿದುಳಿಗೆ ಮಾಡುವ ಹಾನಿ ಕವಚವನ್ನು ಲೆಕ್ಕಿಸದೆ ನೇರ ಹಿಟ್ ಪಾಯಿಂಟಿಗೇ ಬೀಳುತ್ತದೆ. ಬಾಡಿ 3, ವಿಲ್ 3 ಇರುವ ಸಣಕಲನಿಗೆ ಇರುವುದು 25 ಹಿಟ್ ಪಾಯಿಂಟ್; ಇವನಿಗೆ 50. ಹೆಲ್‌ಹೌಂಡ್ ಒಮ್ಮೆ ಕಚ್ಚಿದರೆ 2ಡಿ6, ಮೇಲಿಂದ ಡೆಕ್ಕಿಗೂ ಬಟ್ಟೆಗೂ ಬೆಂಕಿ. ಆರಿಸುವ ತನಕ ಪ್ರತಿ ಸರದಿ ಮುಗಿದಾಗ 2 ಹೋಗುತ್ತದೆ. ಹೊಸಬರು ಎಡವುವುದು ಇಲ್ಲೇ: ಬೆಂಕಿ ಆರಿಸುವುದು ಮೀಟ್ ಆಕ್ಷನ್, ಅಂದರೆ ಮೈಯಿಂದ ಮಾಡುವ ಕೆಲಸ. ಅದನ್ನು ಮಾಡಿದ ಸರದಿಯಲ್ಲಿ ನೆಟ್ ಆಕ್ಷನ್ ಮೂರೂ ಹೋದವು, ಅಷ್ಟರಲ್ಲಿ ನಾಯಿ ಇನ್ನೊಮ್ಮೆ ಕಚ್ಚುತ್ತದೆ. ಮೈಯಲ್ಲಿ ಕಸುವಿದ್ದವನು ಉರಿಯುತ್ತಲೇ ಎರಡು ಸ್ವೋರ್ಡ್ ಬೀಸಬಲ್ಲ. ಸಣಕಲನಿಗೆ ಎರಡು ಕಡಿತದಲ್ಲೇ ಅರ್ಧಕ್ಕಿಂತ ಹೆಚ್ಚು ಜೀವ ಹೋಗಿ, ಮುಂದಿನ ಪ್ರತಿ ಪರೀಕ್ಷೆಯಲ್ಲೂ 2 ಅಂಕ ಕಳೆಯುತ್ತದೆ. ಈ ಪಾತ್ರಕ್ಕೆ ವರ್ಮ್ ತೆಗೆದು ಆ ಸ್ಲಾಟಿನಲ್ಲಿ ಇನ್ಸುಲೇಟೆಡ್ ವೈರಿಂಗ್ ಕೂರಿಸಿ, ಬೆಂಕಿಯ ಕಾಟವೇ ಇರುವುದಿಲ್ಲ. ಮತ್ತೆ, ಆರ್ಮರ್ ಪ್ರೋಗ್ರಾಂ ಮಿದುಳಿನ ಹಾನಿಯಲ್ಲಿ 4 ಕಳೆಯುತ್ತದೆ, ಆದರೆ ಅದನ್ನು ನಾಯಿ ಎದುರಾಗುವ ಮೊದಲೇ ಚಾಲೂ ಮಾಡಿರಬೇಕು. ಬೆಂಕಿ ಬಿದ್ದ ಮೇಲೆ ಬಾವಿ ತೋಡಿದರೆ ಆಗದು.

ಗಾಬರಿಯಾಗಿ ಪ್ಲಗ್ ಕಿತ್ತು ಓಡಬಹುದಲ್ಲ ಎನ್ನುತ್ತೀರಿ. ಎದುರಾಗಿ ಇನ್ನೂ ಸಾಯದ ಬ್ಲ್ಯಾಕ್ ಐಸ್ ಎಲ್ಲವೂ ಹೋಗುವಾಗ ಒಂದೊಂದು ಏಟು ಕೊಟ್ಟೇ ಕಳಿಸುತ್ತವೆ. 6 ಮೀಟರ್ ಗೆರೆ ಮರೆತು ಮರೆಗೆ ಓಡಿದರೂ ಅದೇ ಶಿಕ್ಷೆ.

ಮೂರನೆಯದು ಮಾತಿನವನು. ಇಲ್ಲಿ ಎಂಪತಿ 8 ಇಡಲೇಬೇಕು. ನ್ಯೂರಲ್ ಲಿಂಕ್ 7, ಪ್ಲಗ್ 7 ಹ್ಯುಮ್ಯಾನಿಟಿ (ಮನುಷ್ಯತನದ ಅಂಕ, ಎಂಪತಿಯ ಹತ್ತುಪಟ್ಟು) ತಿನ್ನುತ್ತವೆ. 80ರಿಂದ 66ಕ್ಕೆ ಇಳಿದರೆ ಎಂಪತಿ 6 ಉಳಿಯುತ್ತದೆ. 6ರಿಂದ ಶುರುಮಾಡಿದವನು 4ಕ್ಕೆ ಬಂದು ನಿಲ್ಲುತ್ತಾನೆ, ಎದುರಿನವನ ಮನಸ್ಸು ಓದುವುದು ಅಲ್ಲಿಗೆ ಕಷ್ಟ. ಕೂಲ್ ಸಹ 8 ಇಟ್ಟು ಪರ್ಸುವೇಷನ್, ಆ್ಯಕ್ಟಿಂಗ್, ಹ್ಯೂಮನ್ ಪರ್ಸೆಪ್ಷನ್ ಬೆಳೆಸಿ. ಕಾವಲುಗಾರನ ಬಾಯಿಂದಲೇ ಪಾಸ್‌ವರ್ಡ್ ಬಿಡಿಸಿಕೊಂಡರೆ ಬ್ಯಾಕ್‌ಡೋರ್ ದಾಳ ಹಾಕಬೇಕಿಲ್ಲ ಎಂದು ಆಟ ನಡೆಸುವ ಜಿಎಂ ಜೊತೆ ಮೊದಲೇ ಒಪ್ಪಂದ ಮಾಡಿಕೊಳ್ಳಿ. ಇಲ್ಲದಿದ್ದರೆ ಮೂರು ಗಂಟೆಯ ನಾಟಕ ನೀರಲ್ಲಿ ಹೋಮ.

ಕ್ಯಾಮೆರಾ, ಬಾಗಿಲು, ಟರೆಟ್ (ಯಂತ್ರ ಬಂದೂಕು) ಕೈವಶ ಮಾಡಿಕೊಂಡು ಆಡಿಸುವ ಸೂತ್ರಧಾರನನ್ನೂ ಕಟ್ಟಬಹುದು. ಆದರೆ ಅವನ ಅನ್ನ ಜಿಎಂ ಕೈಯಲ್ಲಿದೆ. ಇವನ್ನೆಲ್ಲ ಆಡಿಸುವ ಕಂಟ್ರೋಲ್ ನೋಡ್ ಇಲ್ಲದ ಕಟ್ಟಡದಲ್ಲಿ ಅವನು ಪಿಸ್ತೂಲು ಹಿಡಿದ ಇನ್ನೊಬ್ಬ ಅಷ್ಟೇ. ಜಿಎಂ ಆಗಿರುವವರಿಗೆ ಒಂದು ಮಾತು: ಕಾದಾಟ ನಡೆಯುವ ಕೋಣೆಗೆ ನಾಲ್ಕೈದು ಮಹಡಿಯ (ಜಾಲದ ಹಂತಗಳಿಗೆ ಆಟದ ಹೆಸರು) ಆರ್ಕಿಟೆಕ್ಚರ್ ಸಾಕು, ಅದರಲ್ಲೊಂದು ಕಂಟ್ರೋಲ್ ನೋಡ್ ಇರಲಿ, ಅದಕ್ಕೆ ಜೋಡಿಸಿದ ಟರೆಟ್ ಅದೇ ಕೋಣೆಯಲ್ಲಿ ಮಿಕ್ಕವರ ಮೇಲೆ ಗುಂಡು ಸುರಿಸುತ್ತಿರಲಿ. 3ಡಿ6 ಹಾಕಿ ಹದಿನಾಲ್ಕು ಮಹಡಿ ಬಂತೆಂದು ಹಾಗೇ ಇಟ್ಟರೆ ಪಿಜ್ಜಾ ತರಲು ಮತ್ತೆ ಎಲ್ಲರೂ ಏಳುತ್ತಾರೆ.